ಬಾಕ್ಸ್‌ವುಡ್ ಮಾರುವವರು ನಮ್ಮ ಬಿಸಿಲಿನ ಬಗ್ಗೆಯೂ ಹೇಳಲಿ

ಸಂಪಾದಕರಿಗೆ ನಮಸ್ಕಾರ,

ಕಲಬುರಗಿಯಲ್ಲಿ ಈಗ ಹೊಸ ಮನೆ ಕಟ್ಟಿದವರು ಗೇಟಿನ ಎರಡೂ ಕಡೆ ಚೆಂಡಿನಂತೆ ದುಂಡಗೆ ಕತ್ತರಿಸಿದ ಗಿಡ ಇಡುತ್ತಿದ್ದಾರೆ. ಚೆಂದ ಕಾಣುತ್ತದೆ, ನನಗೂ ಆಸೆಯಾಯಿತು. ಹೋದ ಶ್ರಾವಣದಲ್ಲಿ ಒಂದು ನರ್ಸರಿಯಿಂದ ಆರು ಬಾಕ್ಸ್‌ವುಡ್ ತಂದು ಅಂಗಳದಲ್ಲಿ ನೆಟ್ಟೆ. ವರ್ಷವಿಡೀ ಹಸಿರಾಗಿರುತ್ತದೆ, ಬೇಕಾದ ಆಕಾರಕ್ಕೆ ಕತ್ತರಿಸಬಹುದು ಅಂದಿದ್ದರು. ಅದು ಸುಳ್ಳಲ್ಲ. ಆದರೆ ನಮ್ಮ ಬಿಸಿಲಿಗೆ ತಡೆಯುತ್ತದಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಚಳಿಗಾಲ ಮುಗಿಯುವ ತನಕ ಚೆನ್ನಾಗಿದ್ದವು. ಮಾರ್ಚ್‌ನಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಕಡೆಯ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ನೀರು ಸಾಲದೇನೋ ಅಂತ ಎರಡು ಹೊತ್ತೂ ಹಾಕಿದೆ. ಮೇ ಹೊತ್ತಿಗೆ ಐದು ಹೋದವು. ಕಿತ್ತು ನೋಡಿದರೆ ನರ್ಸರಿಯ ಕೆಂಪು ಮಣ್ಣು ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಕೂತಿತ್ತು, ಒಂದೇ ಒಂದು ಬೇರೂ ನಮ್ಮ ಎರೆಮಣ್ಣಿಗೆ ಇಳಿದಿರಲಿಲ್ಲ. ಎರೆ ಬಿರುಕು ಬಿಟ್ಟು ಆ ಉಂಡೆಯಿಂದ ಬೆರಳು ತೂರುವಷ್ಟು ಸರಿದಿತ್ತು. ಹಾಕಿದ ನೀರೆಲ್ಲ ಆ ಸಂದಿಗೆ ಹೋಗಿದೆ, ಉಂಡೆಯ ಒಳಗೆ ಬರೀ ಒಣ ಪುಡಿ.

ಬಾಕ್ಸ್‌ವುಡ್ ಯುರೋಪ್, ಪಶ್ಚಿಮ ಏಷ್ಯಾ ಕಡೆಯ ಗಿಡ. ಅದನ್ನು ಕತ್ತರಿಸಿ ಪ್ರಾಣಿಗಳ ಆಕಾರ ಮಾಡುವುದು ರೋಮನ್ನರ ಕಾಲದಿಂದಲೂ ಇದೆ. ವರ್ಷಕ್ಕೆ ಒಂದು ಗೇಣೂ ಬೆಳೆಯುವುದಿಲ್ಲ, ಅದಕ್ಕೇ ಕತ್ತರಿಸಿದ ಆಕಾರ ಬೇಗ ಕೆಡುವುದಿಲ್ಲ. ಸುಣ್ಣದ ಮಣ್ಣೂ ಅದಕ್ಕೆ ಆಗುತ್ತದೆ. ಆದರೆ ಬೇರು ಮೇಲ್ಮೇಲೆ ಹರಡುತ್ತವೆ, ನೀರು ನಿಂತರೆ ಕೊಳೆಯುತ್ತವೆ. ನಮ್ಮ ಎರೆ ಮಳೆಗಾಲದಲ್ಲಿ ನೀರು ಬಿಡುವುದಿಲ್ಲ, ಬೇಸಿಗೆಯಲ್ಲಿ ಸೀಳುತ್ತದೆ, ಮೇಲಿಂದ 42-43 ಡಿಗ್ರಿ ಬಿಸಿಲು. ತಂಪು ಸೀಮೆಯ ಗಿಡ ಹೇಗೆ ತಡೆದೀತು?

ಇನ್ನೊಂದು ವಿಷಯ. ದುಂಡಗೆ ಕತ್ತರಿಸಿದ್ದೆಲ್ಲ ಬಾಕ್ಸ್‌ವುಡ್ ಅಲ್ಲ. ಕೊಳ್ಳುವಾಗ ಒಂದು ಎಲೆ ಕಿತ್ತು ನೋಡಿ. ಹಾಲು ಬಂದರೆ ಫೈಕಸ್, ಅದು ಆಲದ ಬಳಗದ್ದು. ಒಂದೇ ಕಡ್ಡಿಗೆ ಆಚೀಚೆ ಎಲೆಗಳಿದ್ದು ಹಿಚುಕಿದರೆ ಘಮ ಬಂದರೆ ಮಧುಕಾಮಿನಿ, ಅದು ನಮ್ಮ ಕರಿಬೇವಿನ ಬಳಗದ್ದು. ಬಾಕ್ಸ್‌ವುಡ್ಡಿನ ಎಲೆ ಸಣ್ಣದು, ದಪ್ಪ, ಹೊಳಪು, ಕೊಂಬೆಯಲ್ಲಿ ಎದುರುಬದುರು ಜೋಡಿ ಜೋಡಿಯಾಗಿ ಇರುತ್ತದೆ. ನಿಜ ಹೇಳಬೇಕೆಂದರೆ, ನಮ್ಮ ಊರಿಗೆ ಬಾಕ್ಸ್‌ವುಡ್‌ಗಿಂತ ಮಧುಕಾಮಿನಿಯೇ ವಾಸಿ.

ಅದಕ್ಕಿಂತಲೂ ಗಟ್ಟಿ ಗಿಡ ನಮ್ಮ ಹಳೇ ಮನೆಗಳ ಬೇಲಿಯಲ್ಲೇ ಇತ್ತಲ್ವಾ, ಮದರಂಗಿ! ಬಿಸಿಲಿಗೆ ಸ್ವಲ್ಪ ಬಡವಾಗುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಬೇಗ ಬೆಳೆಯುತ್ತದೆ, ಹಾಗಾಗಿ ಕತ್ತರಿ ಜಾಸ್ತಿ ಆಡಿಸಬೇಕು, ಅದು ನಿಜ. ಆದರೆ ಕತ್ತರಿಸಿದ ಸೊಪ್ಪು ಮನೆಯ ಹೆಣ್ಣುಮಕ್ಕಳ ಕೈಗೆ ಬರುತ್ತದೆ. ಉದ್ಯಾನಗಳಲ್ಲಿ, ರಸ್ತೆ ಡಿವೈಡರ್‌ಗಳಲ್ಲಿ ಇದನ್ನು ಯಾಕೆ ಹಾಕಬಾರದು?

ನರ್ಸರಿಯವರಲ್ಲಿ ನನ್ನ ಮನವಿ ಇಷ್ಟೇ. ಕುಂಡದ ಮೇಲೆ ಗಿಡದ ಸರಿಯಾದ ಹೆಸರು ಬರೆಯಿರಿ, ಎಷ್ಟು ಬಿಸಿಲು ತಡೆಯುತ್ತದೆ ಅಂತಲೂ ಬರೆಯಿರಿ. ಬಾಕ್ಸ್‌ವುಡ್ ಎಲೆ ದನಗಳಿಗೆ ವಿಷ ಅನ್ನುವುದನ್ನಂತೂ ಹೇಳಲೇಬೇಕು. ನಮ್ಮ ಓಣಿಗಳಲ್ಲಿ ದನ, ಮೇಕೆ ತಿರುಗುತ್ತಿರುತ್ತವೆ, ಗಿಡ ಕತ್ತರಿಸಿದವರು ಸೊಪ್ಪನ್ನು ಸುಮ್ನೆ ರಸ್ತೆ ಬದಿಗೆ ಎಸೆಯುತ್ತಾರೆ.

ಉಳಿದ ಒಂದು ಗಿಡವನ್ನು ಈಗ ದೊಡ್ಡ ಕುಂಡಕ್ಕೆ ಹಾಕಿ ಬೇವಿನ ಮರದ ಕೆಳಗೆ ಇಟ್ಟಿದ್ದೇನೆ. ಮೊನ್ನೆ ತುದಿಯಲ್ಲಿ ನಾಲ್ಕು ಹೊಸ ಎಲೆ ಬಂದಿವೆ.

ಇಂತಿ,
ನಿಮ್ಮ ಓದುಗ,
ಕಲಬುರಗಿ