ಬೆಲೆ ಬಿಡಿ, ಕೊನೆಯ ಕಂತು ಯಾವಾಗ?

ಮಾನ್ಯರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಮನೆ ಬೆಲೆ ಬಗ್ಗೆ ಎರಡು ಲೇಖನ ಅಕ್ಕಪಕ್ಕ ಬಂದಿದ್ದವು. ಬಡ್ಡಿ ಇಳಿದಿದೆ, ಈಗಲೇ ಕೊಂಡುಬಿಡಿ ಎಂದು ಒಬ್ಬರು. ಈ ಬೆಲೆ ನಿಲ್ಲುವುದಿಲ್ಲ, ಕಾಯಿರಿ ಎಂದು ಇನ್ನೊಬ್ಬರು. ಓದಿ ನಗು ಬಂತು. ಇದೇ ಜಗಳ ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ನಡೆಯುತ್ತದೆ.

ನನ್ನ ಮೈದುನ ಆಶಾವಾದಿ. "ಅತ್ತಿಗೆ, ಜಾಗದ ರೇಟು ಯಾವತ್ತಾದ್ರೂ ಇಳಿದಿದ್ದು ನೋಡಿದೀರಾ?" ಅನ್ನುತ್ತಾನೆ. ನಾವು ಕೆಂಗೇರಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಂಡದ್ದು 2021ರ ಆಗಸ್ಟಿನಲ್ಲಿ. ಅದೇ ತಿಂಗಳ ಕೊನೆಗೆ ಮೆಟ್ರೊ ಕೆಂಗೇರಿಗೆ ಬಂತು. ಆಗ 52 ಲಕ್ಷ ಕೊಟ್ಟಿದ್ದೆವು. ಈಚೆಗೆ ಪಕ್ಕದ ಬ್ಲಾಕಿನಲ್ಲಿ ಅಂಥದ್ದೇ ಮನೆ 72ಕ್ಕೆ ಹೋಯಿತು. ಮೈದುನ ಇದನ್ನು ತಾನೇ ದುಡಿದು ತಂದ ಹಾಗೆ ಹೇಳಿಕೊಂಡು ಓಡಾಡುತ್ತಾನೆ. ಮಾರಿ ನಾವು ಹೋಗುವುದೆಲ್ಲಿಗೆ? ಇನ್ನೊಂದು ಮನೆಗೂ 72 ಕೊಡಬೇಕಲ್ವಾ?

ನನ್ನ ಅಣ್ಣ ಇದಕ್ಕೆ ಉಲ್ಟಾ. "ಇದು ಬರೀ ಗಾಳಿ, ಒಂದಿನ ಠುಸ್ ಅನ್ನುತ್ತೆ" ಎಂದು 2013ರಿಂದ ಹೇಳುತ್ತಾ ವಿಜಯನಗರದಲ್ಲಿ ಬಾಡಿಗೆಗೆ ಇದ್ದಾನೆ. ಒಂಬತ್ತು ಸಾವಿರ ಇದ್ದ ಬಾಡಿಗೆ ಇಪ್ಪತ್ತೆರಡು ಸಾವಿರ ಆಗಿದೆ. ಮೂರು ಸಲ ಮನೆ ಬದಲಾಯಿಸಿದ. ಮೂರು ಸಲವೂ ಮಾಲೀಕರು ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಮುರಿದುಕೊಂಡರು.

ಇಬ್ಬರಿಗೂ ಬೆಲೆಯದ್ದೇ ಮಾತು. ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕ ಬರೆಯುವವಳು. ನಮ್ಮವರು ಪೀಣ್ಯದ ಕಾರ್ಖಾನೆಯಲ್ಲಿದ್ದಾರೆ. 40 ಲಕ್ಷ ಸಾಲ ಮಾಡಿದೆವು, ಇಪ್ಪತ್ತು ವರ್ಷಕ್ಕೆ, ಬಡ್ಡಿ ಶೇ 6.9. ತಿಂಗಳಿಗೆ ಕಂತು 30,772. ಸಾಲ ಕೊಡುವಾಗ ಬ್ಯಾಂಕ್ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚನ್ನು ಮನೆ ಬೆಲೆಗೆ ಸೇರಿಸುವುದಿಲ್ಲ. ಆ ಮೂರೂವರೆ ಲಕ್ಷಕ್ಕೆ ಒಂದು ಚೀಟಿ ಎತ್ತಿದೆವು, ನನ್ನ ಎರಡೆಳೆ ಸರ ಅಡ ಹೋಯಿತು. ಇರಲಿ, ಸರ ವಾಪಸ್ ಬಂತು.

2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಲು ಶುರು ಮಾಡಿತು. ಶೇ 4 ಇದ್ದದ್ದು 2023ರ ಫೆಬ್ರವರಿಗೆ ಶೇ 6.5 ಆಯಿತು. ನಮ್ಮ ಸಾಲದ ಬಡ್ಡಿ ರೆಪೊ ಜೊತೆಗೇ ಏರಿ ಇಳಿಯುವಂಥದ್ದು, ಹಾಗಾಗಿ ಅದೂ 9.4ಕ್ಕೆ ಹೋಯಿತು. ಕಂತು ಮಾತ್ರ ಅಷ್ಟೇ ಇತ್ತು. ಅದಕ್ಕೇ ನಮಗೆ ಏನೂ ಗೊತ್ತಾಗಲಿಲ್ಲ. ಊರಿನವರ ಲೆಕ್ಕ ಬರೆಯುವವಳು ನಾನು, ನಮ್ಮದೇ ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿರಲಿಲ್ಲ.

ಆ ವರ್ಷ ಮಾರ್ಚ್ ಕೊನೆಗೆ ಆದಾಯ ತೆರಿಗೆಗೆಂದು ಬಡ್ಡಿ ಸರ್ಟಿಫಿಕೇಟ್ ತರಲು ಬ್ಯಾಂಕಿಗೆ ಹೋದೆ. ಜೊತೆಗೆ ಸ್ಟೇಟ್‌ಮೆಂಟನ್ನೂ ಕೇಳಿದೆ. ಕೊನೆಯ ಸಾಲು ಹೀಗಿತ್ತು. ಕಟ್ಟಿದ್ದು 30,772. ಬಡ್ಡಿಗೆ 30,551. ಅಸಲಿಗೆ 221.

ಇನ್ನೂರ ಇಪ್ಪತ್ತೊಂದು ರೂಪಾಯಿ! ಪ್ರಿಂಟರ್ ಇಂಕು ಸರಿಯಾಗಿ ಬಿದ್ದಿಲ್ಲವೇನೋ ಅಂದುಕೊಂಡು ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಕೌಂಟರಿನ ಹುಡುಗ, "ಮೇಡಂ, ಇಎಂಐ ಏನೂ ಜಾಸ್ತಿ ಆಗಿಲ್ವಲ್ಲ, ಯಾಕೆ ಟೆನ್ಷನ್?" ಅಂದ. ಮನೆಗೆ ಬಂದು ಲೆಕ್ಕ ಹಾಕಿದೆ. ಅದೇ ಬಡ್ಡಿ, ಅದೇ ಕಂತು ಇದ್ದರೆ ಸಾಲ ತೀರುವುದಕ್ಕೆ ಇನ್ನೂ 52 ವರ್ಷ ಬೇಕು. ಆಗ ನಮ್ಮವರಿಗೆ 94 ವರ್ಷ.

ಮರುದಿನವೇ ಹೋಗಿ, ಮೊದಲು ಹೇಳಿದ 2041ಕ್ಕೇ ಸಾಲ ಮುಗಿಯಬೇಕು, ಕಂತು ಎಷ್ಟಾಗುತ್ತದೆ ಎಂದು ಕೇಳಿದೆ. 37,117. ತಿಂಗಳಿಗೆ ಆರು ಸಾವಿರದ ಮೇಲೆ ಜಾಸ್ತಿ. ಮಗಳ ಭರತನಾಟ್ಯ ಕ್ಲಾಸು, ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುತ್ತಿದ್ದ ಒಂದು ಆರ್‌ಡಿ, ನಮ್ಮವರ ಬೈಕು ಬದಲಾಯಿಸುವ ಆಸೆ, ಎಲ್ಲ ಅಲ್ಲಿಗೆ ನಿಂತವು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಎಂದು ಸಾಲಗಾರರನ್ನೇ ಕೇಳಬೇಕು ಅಂತ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದ್ದು ಅದೇ ವರ್ಷದ ಆಗಸ್ಟಿನಲ್ಲಿ. ನಮಗೆ ಐದು ತಿಂಗಳು ತಡ.

ಈಗ ಇಳಿಕೆಯ ಕಾಲ. 2025ರಲ್ಲಿ ಫೆಬ್ರವರಿ, ಏಪ್ರಿಲ್, ಜೂನ್, ಡಿಸೆಂಬರ್ ಹೀಗೆ ನಾಲ್ಕು ಸಲ ಇಳಿದು ರೆಪೊ 5.25ಕ್ಕೆ ಬಂತು. ನಮ್ಮ ಬಡ್ಡಿ 8.15 ಆಯಿತು. ಕಂತು ಇಳಿಸಿಕೊಂಡರೆ ತಿಂಗಳಿಗೆ ಮೂರು ಸಾವಿರ ಉಳಿಯುತ್ತದೆ ಎಂದು ನಮ್ಮವರು. ಕಂತು ಹಾಗೇ ಇರಲಿ, ಸಾಲ 2039ರ ಮಧ್ಯಕ್ಕೇ ಮುಗಿಯುತ್ತದೆ ಎಂದು ನಾನು. ಅವರ ಕಾರ್ಖಾನೆಯಲ್ಲಿ 58ಕ್ಕೆ ನಿವೃತ್ತಿ. ಅದು ಬರುವುದು 2039ರ ನವೆಂಬರಿಗೆ. ಇದು ಹೇಳಿದ ಮೇಲೆ ಸುಮ್ಮನಾದರು. ಬೈಕಿನ ಕಡೆ ಒಂದು ಸಲ ನೋಡಿದರು, ಅಷ್ಟೇ.

ಇನ್ನು ನಿಮ್ಮ ಆಶಾವಾದಿ ಲೇಖಕರಿಗೆ ಒಂದು ಮಾತು. 50 ಲಕ್ಷದ ಇಪ್ಪತ್ತು ವರ್ಷದ ಸಾಲಕ್ಕೆ ಬಡ್ಡಿ ಎಂಟೂವರೆಯಿಂದ ಎಂಟೂಕಾಲಿಗೆ ಇಳಿದರೆ ಕಂತಿನಲ್ಲಿ ಉಳಿಯುವುದು ಸುಮಾರು 790 ರೂಪಾಯಿ. ಅದು ಮುಖಪುಟದ ಸುದ್ದಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2 ಆಯಿತು. 72 ಲಕ್ಷದ ಮನೆಗೆ 72 ಸಾವಿರ ಜಾಸ್ತಿ, ಅದೂ ಒಂದೇ ಏಟಿಗೆ. 790ರ ಲೆಕ್ಕದಲ್ಲಿ ಆ ದುಡ್ಡು ವಾಪಸ್ ಬರಲು ಏಳು ವರ್ಷಕ್ಕೂ ಜಾಸ್ತಿ ಬೇಕು. ಲೇಖನದಲ್ಲಿ ಇದರ ಸೊಲ್ಲೇ ಇರಲಿಲ್ಲ. ಕಾಯಿರಿ ಅಂದವರು ಕಾಯುವಾಗ ಕಟ್ಟುವ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಅಣ್ಣನನ್ನು ಕೇಳಿದ್ದರೆ ಹೇಳುತ್ತಿದ್ದ.

ಮೊನ್ನೆ ಅಣ್ಣ ಬಂದಿದ್ದ, ಅದೇ ನಿಮ್ಮ ಪತ್ರಿಕೆ ಕಂಕುಳಲ್ಲಿ. "ಏನ್ ಮಾಡ್ಲಮ್ಮಾ, ಈಗ ತಗೊಂಬಿಡ್ಲಾ?" ಅಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಈ ಮಾತು ಕೇಳಿದ್ದು. ಬೆಲೆ ಏರುತ್ತೋ ಇಳಿಯುತ್ತೋ ನನಗೇನು ಗೊತ್ತು? "ಕೊನೇ ಕಂತು ಕಟ್ಟುವಾಗ ನಿನಗೆ ಎಷ್ಟು ವಯಸ್ಸಾಗಿರುತ್ತೆ?" ಎಂದು ಕೇಳಿದೆ. ಅವನಿಗೀಗ 49. ಬೆರಳು ಎಣಿಸಿದ, ಮತ್ತೊಂದು ಸಲ ಎಣಿಸಿದ. ಆಮೇಲೆ ಕಾಫಿ ಕೇಳಿದ.

ಮುಂದಿನ ಸಲ ಮನೆ ಸಾಲದ ಬಗ್ಗೆ ಬರೆಸುವಾಗ, ಕಂತು ಎಷ್ಟು ಇಳಿಯಿತು ಎಂಬ ಪಟ್ಟಿಯ ಪಕ್ಕದಲ್ಲಿ ಈ ಪ್ರಶ್ನೆಯನ್ನೂ ದಪ್ಪಕ್ಷರದಲ್ಲಿ ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗಿ, ಕೆಂಗೇರಿ, ಬೆಂಗಳೂರು