ಜೀವಕ್ಕೆ ಬೆಲೆ ಕಟ್ಟಲಿ, ಆದರೆ ಬಚ್ಚಿಡುವುದು ಬೇಡ

ಸಂಪಾದಕರೇ,

ಸರ್ಕಾರಗಳು ಮನುಷ್ಯನ ಜೀವಕ್ಕೆ ಇಂತಿಷ್ಟು ಅಂತ ಬೆಲೆ ಹಾಕುತ್ತವೆ ಎಂಬ ಮಾತು ಬಂದಾಗಲೆಲ್ಲ ಜನರಿಗೆ ಮೈ ಉರಿಯುತ್ತದೆ. ‘ಬೆಲೆ ಕಟ್ಟೋಕೆ ಇವರ್ಯಾರು?’ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದವನೇ. ಈಗಲೂ ಸಿಟ್ಟಿದೆ, ಆದರೆ ಅದು ಬೇರೆ ಕಡೆ ತಿರುಗಿದೆ. ಅದಕ್ಕೇ ಈ ಪತ್ರ.

ಮೊದಲು ಲೆಕ್ಕ ಹೇಗೆ ಅಂತ ನೋಡಿ. ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡು ‘ನಿನ್ನ ಬೆಲೆ ಇಷ್ಟು’ ಅನ್ನುವುದಲ್ಲ. ಒಂದು ಅಪಾಯದ ಕೆಲಸದಲ್ಲಿ 10,000 ಜನ ಇದ್ದಾರೆ ಅಂದುಕೊಳ್ಳಿ. ಬೇರೆ ಕೆಲಸಕ್ಕೆ ಹೋಲಿಸಿದರೆ ಇಲ್ಲಿ ವರ್ಷಕ್ಕೆ ಒಬ್ಬರು ಜಾಸ್ತಿ ಸಾಯುತ್ತಾರೆ. ಆ ಅಪಾಯ ಒಪ್ಪಿಕೊಂಡಿದ್ದಕ್ಕೆ ಪ್ರತಿಯೊಬ್ಬರಿಗೂ ವರ್ಷಕ್ಕೆ 1,000 ಡಾಲರ್ ಹೆಚ್ಚು ಸಂಬಳ. ಹತ್ತು ಸಾವಿರ ಜನರದ್ದೂ ಕೂಡಿಸಿದರೆ 1 ಕೋಟಿ ಡಾಲರ್ ಆಯಿತಲ್ಲ, ಒಂದು ಜೀವದ ಬೆಲೆ ಅಂದರೆ ಅದೇ. ಸಾಯುವುದು ಯಾರು ಅಂತ ಯಾರಿಗೂ ಗೊತ್ತಿಲ್ಲ. ಒಬ್ಬರು ಅಂತ ಮಾತ್ರ ಗೊತ್ತು. ಹೆಸರಿರುವ ಜೀವ ಬೇರೆ, ಹೀಗೆ ಲೆಕ್ಕದಲ್ಲಿ ಮಾತ್ರ ಕಾಣುವ ಜೀವ ಬೇರೆ ಅಂತ 1968ರಲ್ಲೇ ಬಿಡಿಸಿ ಹೇಳಿದವರು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್. ಮುಂದೆ 2005ರಲ್ಲಿ ಅವರಿಗೆ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು. ಅಮೆರಿಕದ ಸಾರಿಗೆ ಇಲಾಖೆ 2023ಕ್ಕೆ ಹಿಡಿದ ಬೆಲೆ 1 ಕೋಟಿ 32 ಲಕ್ಷ ಡಾಲರ್. ರಸ್ತೆಗೆ ತಡೆಗೋಡೆ ಬೇಕಾ, ಕಾರಿಗೆ ಹೊಸ ಸಲಕರಣೆ ಕಡ್ಡಾಯ ಮಾಡಬೇಕಾ ಅನ್ನುವುದೆಲ್ಲ ಇಂಥ ಅಂಕಿ ಇಟ್ಟುಕೊಂಡೇ ನಡೆಯುವ ಲೆಕ್ಕ.

ಕೇಳಿದರೆ ಒಂಥರಾ ಕಸಿವಿಸಿ, ಅಲ್ವಾ? ಆದರೆ ‘ಜೀವ ಪವಿತ್ರ, ನಾವು ಬೆಲೆ ಕಟ್ಟಲ್ಲ’ ಅಂದವರ ಕಥೆಯನ್ನೂ ಕೇಳಿ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಒಂದು ನಿಯಮ ತರಲು ಹೊರಟಿತು. ಕಾರ್ಖಾನೆಯಲ್ಲಿ ಬಳಸುವ ಅಪಾಯದ ರಾಸಾಯನಿಕಗಳ ಡ್ರಮ್ಮು, ಡಬ್ಬಿಗಳ ಮೇಲೆ ಎಚ್ಚರಿಕೆಯ ಲೇಬಲ್ ಇರಬೇಕು, ಅಷ್ಟೇ. ಒಳಗೆ ಏನಿದೆ ಅಂತ ಅದನ್ನು ಎತ್ತುವವನಿಗೆ ಗೊತ್ತಾಗಲಿ ಅಂತ. ಅಧ್ಯಕ್ಷ ರೇಗನ್ 1981ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಯಾವುದೇ ದೊಡ್ಡ ನಿಯಮದ ಲಾಭ ಅದರ ಖರ್ಚಿಗಿಂತ ಹೆಚ್ಚಿರಬೇಕಿತ್ತು. ಆ ಸಂಸ್ಥೆ ಜೀವಕ್ಕೆ ಬೆಲೆ ಕಟ್ಟುವುದು ಸರಿಯಲ್ಲ ಅಂದುಕೊಂಡು ಬರೀ ‘ಸಾವಿನ ಖರ್ಚು’ ಲೆಕ್ಕ ಹಾಕಿತು. ಅಂದರೆ ಸತ್ತವನ ಕೈತಪ್ಪಿದ ಸಂಬಳ, ಆಸ್ಪತ್ರೆ ಬಿಲ್ಲು. ಮೊತ್ತ ಎಷ್ಟು ಚಿಕ್ಕದಾಯಿತೆಂದರೆ ಲೇಬಲ್ ಅಂಟಿಸುವುದೇ ದುಬಾರಿ ಅನ್ನಿಸಿಕೊಂಡಿತು, ಅಧ್ಯಕ್ಷರ ಬಜೆಟ್ ಕಚೇರಿ ಫೈಲು ವಾಪಸ್ ಕಳಿಸಿತು. ಆಮೇಲೆ ಕಿಪ್ ವಿಸ್ಕುಸಿ ಎಂಬ ಅರ್ಥಶಾಸ್ತ್ರಜ್ಞ ನಾನು ಮೇಲೆ ಹೇಳಿದ ಸಂಬಳದ ಲೆಕ್ಕ ಹಿಡಿದು ಮತ್ತೆ ಕೂಡಿಸಿದ. ಜೀವದ ಬೆಲೆ ಹಲವು ಪಟ್ಟು ಏರಿತು, ಲಾಭ ಖರ್ಚನ್ನು ದಾಟಿತು, 1983ರಲ್ಲಿ ನಿಯಮ ಬಂತು. ಬೆಲೆ ಕಟ್ಟಲ್ಲ ಅಂದವರ ಕೈಯಲ್ಲೇ ಜೀವ ಅಗ್ಗವಾಗಿತ್ತು ನೋಡಿ!

ಹಾಗಂತ ಈ ಲೆಕ್ಕ ಪಂಡಿತರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಿಲ್ಲ. ಬೆಲೆ ಹುಟ್ಟುವುದೇ ಸಂಬಳದಿಂದ ಅಂದಮೇಲೆ ಕಡಿಮೆ ಸಂಬಳದವನ ಜೀವಕ್ಕೆ ಕಡಿಮೆ ಬೆಲೆ ತಾನೇ? 1995ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಯಲ್ಲಿ ಆಗಿದ್ದು ಇದೇ. ಹವಾಮಾನ ಕೆಟ್ಟರೆ ಆಗುವ ನಷ್ಟದ ಅಂದಾಜಿನಲ್ಲಿ ಶ್ರೀಮಂತ ದೇಶದ ಒಂದು ಜೀವಕ್ಕೆ 15 ಲಕ್ಷ ಡಾಲರ್, ಬಡ ದೇಶದ ಜೀವಕ್ಕೆ ಒಂದೂವರೆ ಲಕ್ಷ. ಹತ್ತಕ್ಕೆ ಒಂದು! ಬಡ ದೇಶಗಳು ಗಲಾಟೆ ಮಾಡಿದವು, ಮಾಡಲೇಬೇಕಿತ್ತು. ಹೊಗೆ ಬಿಟ್ಟವರು ಹೆಚ್ಚಾಗಿ ಒಂದು ಕಡೆ, ಸಾಯುವವರು ಇನ್ನೊಂದು ಕಡೆ. ಸಾಯುವವರು ಬಡವರಾದಷ್ಟೂ ಕಾಗದದ ಮೇಲೆ ನಷ್ಟ ಕಡಿಮೆ, ನಷ್ಟ ಕಡಿಮೆಯಾದಷ್ಟೂ ಹೊಗೆ ನಿಲ್ಲಿಸುವ ಆತುರವೂ ಕಡಿಮೆ. ಇದನ್ನು ಗಣಿತ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಅಮೆರಿಕದ ಒಳಗೆ ಮಾತ್ರ ಸರ್ಕಾರಿ ನಿಯಮಗಳಲ್ಲಿ ಬಡವ, ಬಲ್ಲಿದ ಇಬ್ಬರಿಗೂ ಸಾಮಾನ್ಯವಾಗಿ ಒಂದೇ ಅಂಕಿ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಒಮ್ಮೆ ಅಲ್ಲೂ ಜಾರಿದರು. ಗಾಳಿ ಮಾಲಿನ್ಯದ ಒಂದು ಲೆಕ್ಕದಲ್ಲಿ ಅಲ್ಲಿನ ಪರಿಸರ ಸಂಸ್ಥೆ 70 ದಾಟಿದವರ ಜೀವಕ್ಕೆ 37 ಶೇಕಡ ಕಡಿತ ಮಾಡಿತ್ತು. ಬಟ್ಟೆ ಅಂಗಡಿ ರಿಯಾಯಿತಿ ಇದ್ದ ಹಾಗೆ. 2003ರಲ್ಲಿ ಇದು ಹೊರಬಿದ್ದು ವಯಸ್ಸಾದವರು ರೇಗಿದರು, ಸಂಸ್ಥೆ ಕೈಬಿಟ್ಟಿತು. ನನಗೆ ಮುಖ್ಯ ಅನ್ನಿಸುವುದು ಇದೇ. ಅಂಕಿ ಬರೆದಿಟ್ಟಿದ್ದರಿಂದ ತಾನೇ ಜಗಳ ಆಡಲು ಸಾಧ್ಯವಾಗಿದ್ದು? ಅಂಕಿಯೇ ಇಲ್ಲದೆ ‘ಅನುದಾನ ಇಲ್ಲ’ ಅಂತ ಒಂದು ಸಾಲು ಬರೆದು ಫೈಲು ಮುಚ್ಚಿದರೆ ಅಲ್ಲೂ ಜೀವಕ್ಕೆ ಬೆಲೆ ಕಟ್ಟಿದಂತೆಯೇ. ಎಷ್ಟು ಅಂತ ಗೊತ್ತಾಗಲ್ಲ, ಯಾರ ಮೇಲೆ ರೇಗಬೇಕು ಅಂತಲೂ ಗೊತ್ತಾಗಲ್ಲ.

ಲೆಕ್ಕ ಹಾಕಿದ ಮೇಲೆ ಅದಕ್ಕೇ ಕಟ್ಟುಬೀಳಬೇಕು ಅಂತೇನೂ ಇಲ್ಲ. ಕಾರು ಹಿಂದಕ್ಕೆ ತೆಗೆಯುವಾಗ ಚಕ್ರಕ್ಕೆ ಸಿಕ್ಕಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 210 ಜನ ಸಾಯುತ್ತಿದ್ದರು. ಅದರಲ್ಲಿ 31 ಶೇಕಡ ಐದು ವರ್ಷದೊಳಗಿನ ಮಕ್ಕಳು. ಎಷ್ಟೋ ಸಲ ಸ್ಟೀರಿಂಗ್ ಹಿಡಿದಿದ್ದವರು ಅಪ್ಪನೋ ಅಮ್ಮನೋ. ಕಾರಿನ ಹಿಂದೆ ಕ್ಯಾಮೆರಾ ಕಡ್ಡಾಯ ಮಾಡಿದರೆ ಖರ್ಚೇ ಜಾಸ್ತಿ ಅಂತ ಲೆಕ್ಕ ಹೇಳಿತು. 2014ರಲ್ಲಿ ಸಾರಿಗೆ ಇಲಾಖೆ ಅದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡು, ಸಾಯುವವರಲ್ಲಿ ಪುಟ್ಟ ಮಕ್ಕಳಿದ್ದಾರೆ, ತನ್ನ ಕೈಯಾರೆ ಮಗುವನ್ನು ಕಳೆದುಕೊಂಡವರ ಸಂಕಟ ದುಡ್ಡಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳಿ ನಿಯಮ ಮಾಡಿಯೇಬಿಟ್ಟಿತು. 2018ರ ಮೇ ತಿಂಗಳಿಂದ ಅಲ್ಲಿ ಕ್ಯಾಮೆರಾ ಇಲ್ಲದ ಹೊಸ ಕಾರಿಲ್ಲ.

ಪತ್ರಿಕೆಯವರಿಗೆ ನನ್ನದೊಂದು ಕೋರಿಕೆ. ಯಾವುದೇ ಸರ್ಕಾರ ಸುರಕ್ಷತೆಯ ಯೋಜನೆ ತಂದಾಗ ಅಥವಾ ದುಬಾರಿ ಅಂತ ಕೈಬಿಟ್ಟಾಗ ಸುಮ್ನೆ ಹೇಳಿಕೆ ಅಚ್ಚು ಹಾಕಬೇಡಿ. ಒಂದು ಜೀವಕ್ಕೆ ಎಷ್ಟು ಹಿಡಿದಿದ್ದೀರಿ, ಎಲ್ಲರಿಗೂ ಅಷ್ಟೇ ಹಿಡಿದಿದ್ದೀರಾ ಅಂತ ಕೇಳಿ, ಉತ್ತರವನ್ನೂ ಹಾಕಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಹಾಕಿ.

– ಒಬ್ಬ ಓದುಗ