ಕಳೆಯುವ ಲೆಕ್ಕದ ಬಗ್ಗೆ ಸೌಮ್ಯಳಿಗೆ

ಚಿ. ಸೌಮ್ಯಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮಿದುಳಿನ ಸ್ಕ್ಯಾನ್ ಮಾಡುವ ಪ್ರಯೋಗಾಲಯಕ್ಕೆ ಸೇರಿದ ಸಂತೋಷವನ್ನು ಬರೆದವಳು, ಮನಶ್ಶಾಸ್ತ್ರದ ಚರಿತ್ರೆಯನ್ನು ಸತ್ತವರ ಪಟ್ಟಿಯೆಂದು ಕರೆದು, ಪರೀಕ್ಷೆಗೆ ಬೇಕಾದಷ್ಟು ಓದಿ ಬಿಡುವುದಾಗಿಯೂ ಬರೆದಿದ್ದೀಯೆ. ಆ ಮಾತಿಗಷ್ಟೇ ಈ ಉತ್ತರ.

ನೀನು ವಿವರಿಸಿದ ಕೆಲಸವನ್ನೇ ತೆಗೆದುಕೊ. ಒಂದು ನಾಮಪದವನ್ನು ತೋರಿಸಿ ಅದನ್ನೇ ಹೇಳಿಸಿದಾಗ ಒಂದು ಚಿತ್ರ, ಅದಕ್ಕೆ ಹೊಂದುವ ಕ್ರಿಯಾಪದವನ್ನು ಹೇಳಿಸಿದಾಗ ಇನ್ನೊಂದು ಚಿತ್ರ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದು ಅರ್ಥವನ್ನು ಹುಡುಕುವ ಕೆಲಸವೆಂದು ನಿನ್ನ ನಂಬಿಕೆ. ಈ ಲೆಕ್ಕ ಹಾಲೆಂಡಿನ ಉಟ್ರೆಕ್ಟ್‌ನ ಕಣ್ಣಿನ ವೈದ್ಯ ಡಾಂಡರ್ಸ್ ಅವರದು. ಅವರು ಎರಡೂ ಪಾದಗಳಿಗೆ ವಿದ್ಯುತ್ತಿನ ತಂತಿ ಜೋಡಿಸಿ, ಯಾವ ಪಾದಕ್ಕೆ ಷಾಕ್ ತಗುಲಿತೋ ಆ ಬದಿಯ ಕೈಯಿಂದ ಸನ್ನೆ ಮಾಡಿಸಿದರು. ಯಾವ ಪಾದವೆಂಬುದು ಮೊದಲೇ ತಿಳಿದಿದ್ದಾಗ ಹಿಡಿದ ಹೊತ್ತನ್ನು ತಿಳಿಯದಿದ್ದಾಗ ಹಿಡಿದ ಹೊತ್ತಿನಿಂದ ಕಳೆದರೆ ಉಳಿದದ್ದು ಸೆಕೆಂಡಿನ ಸುಮಾರು 15ನೆಯ ಒಂದು ಭಾಗ. ಎಡವೋ ಬಲವೋ ಎಂದು ಮನಸ್ಸು ತೀರ್ಮಾನಿಸಲು ಬೇಕಾದ ಹೊತ್ತು ಅದೆಂದು 1868ರಲ್ಲಿ ಪ್ರಕಟಿಸಿದರು. 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ ವುಂಟ್ ಈ ದಾರಿಯನ್ನೇ ಹಿಡಿದರು. 1988ರಲ್ಲಿ ಪೀಟರ್ಸನ್, ಪೋಸ್ನರ್ ಮತ್ತು ಸಂಗಡಿಗರು ಪದಗಳನ್ನು ತೋರಿಸಿ ಮಿದುಳಿನ ಚಿತ್ರ ತೆಗೆದಾಗಲೂ ಕಳೆದದ್ದು ಹೀಗೆಯೇ, ಹೊತ್ತಿನ ಬದಲು, ಮಿದುಳಿನ ಕೆಲಸ ನಡೆಯುವಲ್ಲಿ ಹೆಚ್ಚುವ ರಕ್ತದ ಹರಿವನ್ನು.

ಲೆಕ್ಕ ಉಳಿದಂತೆ ಅದರ ದೋಷವೂ ಉಳಿದಿದೆ. ನಾನು ಎಂ.ಎ. ಓದುವಾಗ ಕೋಣೆಯ ಗೆಳೆಯನಿಂದ ಇಸ್ಪೀಟಿನ ಎಲೆಗಳನ್ನು ಒಂದೇ ರಾಶಿಯಾಗಿ ಇಡಿಸಿ, ಆಮೇಲೆ ಕೆಂಪು ಕಪ್ಪು ಬೇರೆ ಮಾಡಿಸಿ, ಸ್ಟಾಪ್‌ವಾಚಿನ ವ್ಯತ್ಯಾಸವನ್ನು 'ನಿರ್ಧಾರದ ಕಾಲ' ಎಂದು ಹೆಮ್ಮೆಯಿಂದ ರೆಕಾರ್ಡ್ ಪುಸ್ತಕದಲ್ಲಿ ಬರೆದೆ. ಬೇರೆ ಮಾಡುವಾಗ ಅವನ ಕೈ ಎಲೆ ಹಿಡಿದು ನಡುವೆ ಕ್ಷಣಕಾಲ ತೂಗುತ್ತಿತ್ತು, ಮಣಿಕಟ್ಟು ಬೇರೆ ರೀತಿಯಲ್ಲಿ ತಿರುಗುತ್ತಿತ್ತು; ಕಂಡರೂ ಗಮನಿಸಲಿಲ್ಲ. ನಿರ್ಧಾರ ಸೇರಿದ್ದಷ್ಟೇ ಅಲ್ಲ, ಕೈಯ ಕೆಲಸವೇ ಬದಲಾಗಿತ್ತು. ಒಂದು ಹಂತವನ್ನು ಸೇರಿಸಿದಾಗ ಉಳಿದ ಹಂತಗಳು ಇದ್ದಂತೆಯೇ ಇರುತ್ತವೆ ಎನ್ನಲು ಆಧಾರವೇನೆಂದು ವುಂಟ್ ಅವರ ಶಿಷ್ಯ ಕ್ಯುಲ್ಪೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಕೇಳಿದ್ದರು. ಕಳೆಯುವುದನ್ನೇ ಬಿಟ್ಟು ಬೇರೆ ವಿಧಾನವನ್ನು ಸ್ಟರ್ನ್‌ಬರ್ಗ್ 1969ರಲ್ಲಿ ಕಟ್ಟಿಕೊಟ್ಟರು. ಯಂತ್ರ ದುಬಾರಿಯಾದ ಮಾತ್ರಕ್ಕೆ ಆ ಪ್ರಶ್ನೆಗೆ ಉತ್ತರ ಸಿಕ್ಕಂತಾಗದು. ಬಣ್ಣದ ಚಿತ್ರ ಅದನ್ನು ಮರೆಸುತ್ತದೆ ಎಂಬುದೇ ನನ್ನ ಆತಂಕ.

ನೆನಪು ಮರೆವುಗಳನ್ನು ಪ್ರಯೋಗದಿಂದ ಅಳೆದ ಎಬ್ಬಿಂಗ್‌ಹೌಸ್ ಅವರನ್ನಾದರೂ ಪೂರ್ತಿ ಓದು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೊಬ್ಬರೇ ಬಾಯಿಪಾಠ ಮಾಡಿ, ಒಂದು ದಿನದ ನಂತರ ಮತ್ತೆ ಕಲಿಯುವಾಗ ಶೇ. 34ರಷ್ಟು ಶ್ರಮ ಉಳಿಯಿತೆಂದು 1885ರಲ್ಲಿ ಬರೆದರು. ಅವರು ಕಲಿತ ಬಗೆಯನ್ನು ಎಷ್ಟು ಬಿಡಿಸಿ ಬರೆದಿಟ್ಟಿದ್ದರೆಂದರೆ, 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಅದನ್ನೇ ಮತ್ತೆ ಮಾಡಿದಾಗ ದಿನ ಕಳೆದಂತೆ ಎಷ್ಟು ಮರೆಯುತ್ತದೆಂದು ತೋರಿಸುವ ಮರೆವಿನ ರೇಖೆ ಬಹುಮಟ್ಟಿಗೆ ಹಾಗೆಯೇ ಬಂತು. ನಿನ್ನ ವಿಧಾನದ ಟಿಪ್ಪಣಿಗಳನ್ನೂ ಅಷ್ಟು ಬಿಡಿಸಿ ಬರೆ.

ಮುಂದಿನ ತಿಂಗಳು ಬರುವಾಗ ನಿನ್ನ ಎರಡು ಕೆಲಸಗಳ ಹಂತಗಳನ್ನು ಒಂದು ಹಾಳೆಯಲ್ಲಿ ಎದುರುಬದುರಾಗಿ ಬರೆದು ತಾ. ಇಸ್ಪೀಟಿನ ಕಟ್ಟು ನನ್ನ ಬಳಿ ಇದೆ.

ಇಂತು,
ನಿನ್ನ ದೊಡ್ಡಪ್ಪ